ಮಗನ ಕಂಪ್ಯೂಟರೂ ನನ್ನ ಮುಂಗೋಪವೂ

ಸಾರು ಕೆಟ್ಟರೆ ಏನು ಕೆಟ್ಟಿತು ಅಂತ ನಮಗೆ ಗೊತ್ತಾಗುತ್ತದೆ. ಉಪ್ಪು ಹೆಚ್ಚಾಯಿತೋ, ಹುಳಿ ಸಾಲದೋ, ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರೆ ಸಾಕು. ಆದರೆ ಕಂಪ್ಯೂಟರ್ ಕೆಟ್ಟರೆ? ನಾನಂತೂ ಮೊದಲು ಮಗನನ್ನು ಬೈದೆ. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳೋಣ ಅಂತಲೇ ಈ ನಾಲ್ಕು ಮಾತು ಬರೆಯಲು ಕೂತಿದ್ದೇನೆ. ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಮುಂದೆ ಕೂರುವ ಮಕ್ಕಳಿದ್ದರೆ ಓದಿ ನೋಡಿ.

2020ರಲ್ಲಿ ಕೊರೋನಾ ಬಂದು ಪಾಠವೆಲ್ಲ ಆನ್‌ಲೈನ್ ಆದಾಗ ಮಗನಿಗೆಂದು ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಂಡಿದ್ದೆವು. ಈಗ ಅವನು ಬಿ.ಸಿ.ಎ. ಓದುತ್ತಿದ್ದಾನೆ. ವಿಂಡೋಸ್ 10ಕ್ಕೆ ಇದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, "ಅಮ್ಮಾ, ವಿಂಡೋಸ್ 11 ಹಾಕಿಸಬೇಕು, ರ‍್ಯಾಮ್ ಸಾಲದು, ಒಂದು ಗ್ರಾಫಿಕ್ಸ್ ಕಾರ್ಡೂ ಬೇಕು" ಎಂದು ಬೆನ್ನು ಹತ್ತಿದ. ಯಜಮಾನರು ಸುತರಾಂ ಒಪ್ಪಲಿಲ್ಲ. ಕೊನೆಗೆ ನಾನೇ ನನ್ನ ಚೀಟಿ ದುಡ್ಡು ತೆಗೆದುಕೊಟ್ಟೆ. ಅಂಗಡಿಯವನು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಮಾಡಿಕೊಟ್ಟ. ಹಳೆಯ 8 ಜಿ.ಬಿ. ರ‍್ಯಾಮ್ ಪಟ್ಟಿಯ ಪಕ್ಕದಲ್ಲಿ ಹೊಸದೊಂದು 8 ಜಿ.ಬಿ. ಪಟ್ಟಿ, ಗ್ರಾಫಿಕ್ಸ್ ಕಾರ್ಡು, ಹೊಸ ವಿಂಡೋಸು.

ಗ್ರಾಫಿಕ್ಸ್ ಕಾರ್ಡು ಎಂದರೆ ಪರದೆಯ ಮೇಲೆ ಚಿತ್ರ ಬಿಡಿಸುವ ಭಾಗ. ರ‍್ಯಾಮ್ ಎಂದರೆ ನಮ್ಮ ಒಲೆ ಪಕ್ಕದ ಕಟ್ಟೆ ಇದ್ದ ಹಾಗೆ ಎನ್ನಿ. ಉಗ್ರಾಣದಲ್ಲಿ ಎಷ್ಟೇ ಸಾಮಾನಿರಲಿ, ಆ ಹೊತ್ತಿನ ಅಡಿಗೆಗೆ ಬೇಕಾದದ್ದನ್ನು ಕಟ್ಟೆಯ ಮೇಲೆ ತಂದಿಟ್ಟುಕೊಳ್ಳುತ್ತೇವಲ್ಲ, ಹಾಗೆ.

ಮೊದಲ ದಿನವೇ ತೊಂದರೆ ಶುರುವಾಯಿತು. ಆಟ ಆರಂಭಿಸಿ 20 ನಿಮಿಷ ಆಗುವಷ್ಟರಲ್ಲಿ ಪಟ್ಟನೆ ಮಾಯವಾಗಿ ಬರೀ ಪರದೆ ನಿಲ್ಲುತ್ತಿತ್ತು. ಒಂದೊಂದು ಸಲ ಐದೇ ನಿಮಿಷಕ್ಕೆ. "ನೋಡಿದೆಯೇನೇ, ನಿನ್ನ ಚೀಟಿ ದುಡ್ಡು ಹೊಳೆಗೆ ಹಾಕಿದ ಹುಣಸೆಹಣ್ಣು" ಎಂದು ಇವರು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಎಲ್ಲಿಂದಲೋ ಕದ್ದ ಆಟ ಇಳಿಸಿಕೊಂಡಿದ್ದೀಯ, ವೈರಸ್ ಹೊಕ್ಕಿದೆ. ಆಟ ನಿಂತರೆ ಒಳ್ಳೇದೇ ಆಯ್ತು, ಓದಿಕೋ ಹೋಗು" ಎಂದು ಕೂಗಾಡಿದೆ. "ಇಲ್ಲಮ್ಮಾ, ದುಡ್ಡು ಕೊಟ್ಟೇ ತಗೊಂಡಿದ್ದು" ಅಂದ. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ರಾತ್ರಿ ಅವನು ಅರ್ಧ ಊಟಕ್ಕೇ ಕೈ ತೊಳೆದ. ಏಳುವಾಗ ತಲೆ ತಗ್ಗಿಸಿಕೊಂಡೇ, "ಕೆಲಸಕ್ಕೆ ಸೇರಿದ ಮೇಲೆ ನಿನ್ನ ದುಡ್ಡು ವಾಪಸ್ ಕೊಡ್ತೀನಮ್ಮಾ" ಎಂದ. ಹೆತ್ತ ಕರುಳಿಗೆ ಆ ಮಾತು ಹೇಗೆ ಚುಚ್ಚಿತು ಅಂತ ನಿಮಗೆ ಬಿಡಿಸಿ ಹೇಳಬೇಕೆ? ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅಂಗಡಿಗೆ ಫೋನು ಮಾಡಿಸಿದೆ. ಯಂತ್ರವನ್ನು ನೋಡದೆಯೇ ಆ ಮನುಷ್ಯ, "ಪವರ್ ಸಪ್ಲೈ ಸಾಲದು, ಹೊಸದು ಹಾಕಿಸಿ" ಎಂದುಬಿಟ್ಟ. ಮತ್ತೆ ಸಾವಿರಾರು ರೂಪಾಯಿ! ಆಗ ನಾನು ಮಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. "ನನಗೆ ಕಂಪ್ಯೂಟರ್ ಬರೊಲ್ಲ ಕಣಪ್ಪ. ಆದ್ರೆ ಕೆಟ್ಟ ಅಡಿಗೆ ಸರಿಮಾಡೋದು ಬರುತ್ತೆ. ಒಂದು ಸಲಕ್ಕೆ ಒಂದೇ ಬದಲಾಯಿಸೋಣ, ಮಾಡಿದ್ದನ್ನೆಲ್ಲ ಬರೆದಿಡೋಣ" ಎಂದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟವೇ ನಮ್ಮ ದಫ್ತರವಾಯಿತು.

ವಿಂಡೋಸ್‌ನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿದರೆ ಒಂದು ಪಂಚಾಂಗ ತೆರೆದುಕೊಳ್ಳುತ್ತದೆ. ಯಾವ ದಿನ ಯಾವ ತಂತ್ರಾಂಶ ಕುಸಿಯಿತು ಅಂತ ಕೆಂಪು ಗುರುತು ಹಾಕಿಟ್ಟಿರುತ್ತದೆ. ನಮ್ಮದರಲ್ಲಿ 11 ಗುರುತುಗಳಿದ್ದವು. ಒಂದೇ ಆಟವಲ್ಲ, ಬೇರೆ ಆಟ, ಅಂತರಜಾಲ ನೋಡುವ ಬ್ರೌಸರು, ಅವನ ಪಾಠದ ತಂತ್ರಾಂಶ ಎಲ್ಲವೂ ಬಿದ್ದಿದ್ದವು. ಅಂದಮೇಲೆ ತಪ್ಪು ಆಟದ್ದೂ ಅಲ್ಲ, ಆಡಿದವನದ್ದೂ ಅಲ್ಲ. ನನ್ನ ಮುಖ ಅಲ್ಲೇ ಸಣ್ಣಗಾಯಿತು.

ಮೊದಲ ದಿನ ಶಾಖ ನೋಡಿದೆವು. ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಶಾಖ ತೋರಿಸುತ್ತದೆ. ಆಟ ನಡೆಯುವಾಗ 68 ಡಿಗ್ರಿ, ಹೆದರುವಂಥದ್ದಲ್ಲ. ಎರಡನೇ ದಿನ ಕಾರ್ಡಿನ ಡಬ್ಬಿಯ ಮೇಲೆ ಎಷ್ಟು ವ್ಯಾಟ್‌ನ ಪವರ್ ಸಪ್ಲೈ ಬೇಕು ಎಂದಿತ್ತೋ ನೋಡಿ ನಮ್ಮದಕ್ಕೆ ತಾಳೆ ಹಾಕಿದೆವು, ಸರಿಯಾಗಿಯೇ ಇತ್ತು. ಅದು ಸಾಲದೆ ಹೋದರೆ ಸಾಮಾನ್ಯವಾಗಿ ಕಂಪ್ಯೂಟರೇ ದಿಢೀರನೆ ಆರಿಹೋಗುತ್ತದೆ, ಬರೀ ಆಟ ಮಾತ್ರ ಬೀಳುವುದಲ್ಲ ಎಂದು ಮಗ ಹೇಳಿದ. ಮೂರನೇ ದಿನ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕಿದ, ನಾಲ್ಕನೇ ದಿನ ಆಟದ ಫೈಲುಗಳನ್ನು ಪರೀಕ್ಷಿಸಿದ. ಊಹೂಂ, ಆಟ ಬೀಳುತ್ತಲೇ ಇತ್ತು.

ಐದನೇ ದಿನ ರ‍್ಯಾಮ್. ವಿಂಡೋಸ್‌ನಲ್ಲೇ 'ಮೆಮೊರಿ ಡಯಾಗ್ನೋಸ್ಟಿಕ್' ಎಂಬ ಪರೀಕ್ಷೆ ಇದೆ. ಅದನ್ನು ಕೊಟ್ಟರೆ ಕಂಪ್ಯೂಟರ್ ಮತ್ತೆ ಶುರುವಾಗಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಹಾರ್ಡ್‌ವೇರಿನಲ್ಲಿ ತೊಂದರೆ ಇದೆ ಎಂದಿತು. ಅಬ್ಬ, ಕಳ್ಳ ಸಿಕ್ಕಿದ ಎಂದುಕೊಂಡೆವು!

ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಆನ್ ಮಾಡುವ ಗುಂಡಿಯನ್ನು ಒಂದೆರಡು ಸಲ ಒತ್ತಿ, ಡಬ್ಬದ ಕಬ್ಬಿಣವನ್ನು ಮುಟ್ಟಿದ ಮೇಲೇ ಅವನು ಒಳಗೆ ಕೈ ಹಾಕಿದ್ದು. ಮೈಮೇಲಿನ ಸ್ಥಾಯೀ ವಿದ್ಯುತ್ತು ಆ ಸೂಕ್ಷ್ಮ ಭಾಗಗಳನ್ನು ಸುಟ್ಟುಬಿಡಬಹುದಂತೆ. ನೈಲಾನ್ ಸೀರೆಯಲ್ಲಿದ್ದ ನನ್ನನ್ನು ದೂರ ಕೂರಿಸಿದ! ಹೊಸ ಪಟ್ಟಿಯೊಂದನ್ನೇ ಇಟ್ಟಾಗ ಎರಡು ಗಂಟೆ ಆಟ ನಿಲ್ಲಲಿಲ್ಲ. ಹಳೆಯದೊಂದನ್ನೇ ಇಟ್ಟಾಗ ಹತ್ತು ನಿಮಿಷಕ್ಕೆ ಬಿತ್ತು. "ಹಳೇದು ಹೋಗಿದೆಯಮ್ಮಾ, ಎಸೆಯೋದೇ" ಅಂದ.

ಎಸೆಯುವುದು ಎಂದರೆ ನಮ್ಮ ಕೈ ಅಷ್ಟು ಬೇಗ ಬರುತ್ತದೆಯೇ? ಐದು ವರ್ಷ ತಕರಾರಿಲ್ಲದೆ ದುಡಿದದ್ದು ಒಂದೇ ಮಧ್ಯಾಹ್ನದಲ್ಲಿ ಹೇಗೆ ಕೆಟ್ಟಿತು ಅಂತ ಕನ್ನಡಕ ಹಾಕಿಕೊಂಡು ಅದರ ಚೀಟಿ ಓದಿದೆ. ಹಳೆಯದರ ಮೇಲೆ 2666 ಎಂದಿತ್ತು, ಹೊಸದರ ಮೇಲೆ 3200. "ಈ ಅಂಕಿ ಏನೋ?" ಎಂದೆ. ಮಗ ಹಣೆ ಚಚ್ಚಿಕೊಂಡ. ಅದು ವೇಗದ ಲೆಕ್ಕ. ಬಯಾಸ್ ಎಂಬ ಕಂಪ್ಯೂಟರಿನ ಮೂಲ ಹೊಂದಾಣಿಕೆಯ ಜಾಗದಲ್ಲಿ ಅಂಗಡಿಯವನು ಎರಡಕ್ಕೂ 3200ರ ವೇಗ ಇಟ್ಟುಬಿಟ್ಟಿದ್ದ. ಹಳೆಯದು ಏದುಸಿರು ಬಿಟ್ಟುಕೊಂಡು ಓಡಿ, ನಡುವೆ ಲೆಕ್ಕ ತಪ್ಪುತ್ತಿತ್ತು. ಅದು ತಪ್ಪಿದಾಗ ಆ ಕ್ಷಣ ಅದನ್ನು ನೆಚ್ಚಿಕೊಂಡಿದ್ದ ಆಟವೋ ಪಾಠವೋ ಬೀಳುತ್ತಿತ್ತು.

ವೇಗವನ್ನು 2666ಕ್ಕೆ ಇಳಿಸಿ ಎರಡನ್ನೂ ಹಾಕಿದ. ಪರೀಕ್ಷೆ ಸರಿಬಂತು. ಆಟವೂ ನಿಲ್ಲಲಿಲ್ಲ. ಮುದಿ ಎತ್ತಿಗೆ ಹೋರಿಯನ್ನು ಜೊತೆ ಕಟ್ಟಿದರೆ ಮುದಿ ಎತ್ತಿನ ನಡಿಗೆಗೇ ಗಾಡಿ ಹೊಡೆಯಬೇಕು, ಅಷ್ಟೇ ನೋಡಿ ವಿಷಯ. ಖರ್ಚಾದದ್ದು ಐದು ಸಂಜೆ, ಒಂದು ಕಾಸೂ ಇಲ್ಲ.

ಆ ರಾತ್ರಿ ಮಗನ ತಟ್ಟೆಗೆ ಬಿಸಿ ಅನ್ನ ಬಡಿಸುತ್ತಾ, "ತಪ್ಪಾಯ್ತು ಕಣಪ್ಪ, ನೋಡದೇ ಬೈದೆ" ಎಂದೆ. ಹೆತ್ತವಳು ಮಗನ ಹತ್ತಿರ ತಪ್ಪಾಯಿತು ಎನ್ನುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಅವನು ಏನೂ ಹೇಳಲಿಲ್ಲ, "ಇನ್ನೊಂದು ಸ್ವಲ್ಪ ಸಾರು ಹಾಕಮ್ಮಾ" ಅಂದ. ಪೇಪರಿನ ಮರೆಯಿಂದ ಇವರು, "ಏನೋ, ಈಗ ನಿಲ್ಲದೆ ಓಡ್ತಿದೆಯೇನೋ?" ಎಂದರು. ಇವರ ಬಾಯಲ್ಲಿ ಅದೇ ಕ್ಷಮಾಪಣೆ ಅಂತ ನಮ್ಮಿಬ್ಬರಿಗೂ ಗೊತ್ತು.

ಸೋದರಿಯರೇ, ಮನೆಯ ಕಂಪ್ಯೂಟರಿಗೆ ಹೊಸ ಭಾಗ ಹಾಕಿಸುವಾಗ ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ಕೆಟ್ಟರೆ ಯಾವುದರಿಂದ ಅಂತ ತಿಳಿಯುವುದಿಲ್ಲ. ರ‍್ಯಾಮ್ ಪಟ್ಟಿಗಳ ವೇಗದ ಅಂಕಿ ಒಂದೇ ಇದೆಯೇ ನೋಡಿ. ಅಂಗಡಿಯವರು ಯಾವ ಹೊಂದಾಣಿಕೆ ಮಾಡಿದರು ಅಂತ ರಸೀದಿಯ ಹಿಂದೆ ಬರೆಸಿಕೊಳ್ಳಿ. ಮತ್ತೆ, ಆಟ ನಿಂತುಹೋಯಿತು ಅಂತ ಮಗುವೇನಾದರೂ ಸಪ್ಪೆ ಮುಖ ಹಾಕಿಕೊಂಡು ಬಂದರೆ, ಬೈಯುವ ಮೊದಲು ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ನೋಡಿ.