ಕುದೇರಿನಲ್ಲಿ ತಂಗಿದ ಮನೆಗಾಡಿ

ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟವರು ಸಂತೇಮರಹಳ್ಳಿ, ಯಳಂದೂರುಗಳ ಹೆಸರನ್ನು ಕೇಳಿರುತ್ತಾರೆ. ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿ ಇಳಿಯುವವರು ವಿರಳ. ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲಿ. ಮೈಸೂರಿನ ಕುಟುಂಬವೊಂದು ಇಲ್ಲಿನ ತೆಂಗಿನ ತೋಟದಲ್ಲಿ ಎರಡು ರಾತ್ರಿ ತಂಗಬೇಕಾದದ್ದು ಮಾತ್ರ ತಮ್ಮ ವಾಹನದ ಹಟದಿಂದ.

ಅದೊಂದು ಹಳೆಯ ಮನೆಗಾಡಿ. ಮೂವರು ಯಜಮಾನರನ್ನು ಕಂಡ ವ್ಯಾನು. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ಮೊಳಕಾಲೆತ್ತರದ ಒಂದು ರೆಫ್ರಿಜರೇಟರು. ಕೊಂಡ ದಂಪತಿಗಳು ಪರದೆಯ ಬಣ್ಣವನ್ನು ಕುರಿತು ಒಂದು ವಾರ ಚರ್ಚಿಸಿದ್ದರು. ಮಂಚದಡಿಯ ತಂತಿಗಳ ಗೋಜಲನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಹಳೆಯ ಗಾಡಿ ಕೊಳ್ಳುವವರ ಜಾತಿಯೇ ಹಾಗೆ! ಆದರೆ ರೆಫ್ರಿಜರೇಟರಿನಲ್ಲಿ ಹಾಲುಮೊಸರಿನ ಜೊತೆಗೆ ಯಜಮಾನರ ತಾಯಿಯ ಇನ್ಸುಲಿನ್ ಇತ್ತು. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು.

ಮೊದಲ ಬೆಳಗ್ಗೆ ರೆಫ್ರಿಜರೇಟರು ಮೌನವಾಗಿತ್ತು. ಕೀಲಿ ತಿರುಗಿಸಿದರೆ ಎಂಜಿನ್ನೂ ಏಳಲಿಲ್ಲ. ಔಷಧವನ್ನು ಮಂಜುಗಡ್ಡೆಯ ಮೇಲಿಡಿರೆಂದು ಯಾರೋ ಸೂಚಿಸಿದರು. ಸೊಸೆ ಒಪ್ಪಲಿಲ್ಲ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ತೋಟದ ಮನೆಯಿಂದ ಮಣ್ಣಿನ ಮಡಕೆ ಬಂದಿತು. ಸೀಸೆಗಳನ್ನು ಅದರಲ್ಲಿಟ್ಟು, ಹೊರಗೆ ಒದ್ದೆ ಬಟ್ಟೆ ಸುತ್ತಿ, ನೆರಳಿಗಿರಿಸಿದರು.

“ನಮ್ಮ ಕಾಲದಲ್ಲಿ ಎತ್ತಿಗೆ ಹುಲ್ಲು ಹಾಕಿದರೆ ಗಾಡಿ ಹೊರಡುತ್ತಿತ್ತು, ಮಗು,” ಎಂದರು ವೃದ್ಧೆ.

ಅಷ್ಟರಲ್ಲಿ ಬಂದ ಮೆಕ್ಯಾನಿಕ್ ಮಂಚದಡಿ ತೂರಿ ಒಂದು ತಂತಿಯನ್ನು ಹಿಡಿದೆಳೆದ. “ಎರಡು ಬ್ಯಾಟ್ರಿನೂ ಒಂದು ಮಾಡ್ಬುಟ್ಟವ್ರೆ ಕನ ಸ್ವಾಮಿ!”

ಮನೆಗಾಡಿಯಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಎಂಜಿನ್ ಎಬ್ಬಿಸಲು, ಇನ್ನೊಂದು ಸಂಸಾರಕ್ಕೆ. ಎಂಜಿನ್ ಓಡುವಾಗ ಎರಡೂ ತುಂಬಿಕೊಳ್ಳಲೆಂದು ನಡುವೆ ಒಂದು ರಿಲೇ ಇರುತ್ತದೆ. ಎಂಜಿನ್ ನಿಂತೊಡನೆ ಅದು ಎರಡನ್ನೂ ಬೇರ್ಪಡಿಸುತ್ತದೆ. ಅದು ಕೆಟ್ಟಾಗ ಹಿಂದಿನ ಯಾರೋ ಯಜಮಾನರು ತಂತಿ ಬಿಗಿದು ಕೈತೊಳೆದುಕೊಂಡಿದ್ದರು. ರಾತ್ರಿಯ ಬೀಸಣಿಗೆ, ದೀಪಗಳೆಲ್ಲ ಬೆಳಗಿನ ಎಂಜಿನ್ನಿನ ಪಾಲನ್ನೂ ಉಂಡಿದ್ದವು.

ತೋಟದ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎಂಜಿನ್ ಎದ್ದಿತು. ಹೊಸ ರಿಲೇ ಕೂಡಿತು. ಹಗಲೆಲ್ಲ ತೋಟದ ಮನೆಯ ವಿದ್ಯುತ್ತಿನಿಂದ ಸಂಸಾರದ ಬ್ಯಾಟರಿ ತುಂಬಿಸಿಕೊಂಡು, ಸಂಜೆ ಗಂಡಹೆಂಡಿರು ಲೆಕ್ಕಕ್ಕೆ ಕುಳಿತರು. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ, 100 ಆಂಪಿಯರ್-ಗಂಟೆ. ಅದು ಬಾಳಬೇಕಾದರೆ ಅರ್ಧ ಮಾತ್ರ ಬಳಸತಕ್ಕದ್ದು. ನಿಂತು ನಿಂತು ಓಡುವ ರೆಫ್ರಿಜರೇಟರಿಗೆ ಹತ್ತು ಗಂಟೆಗೆ 20, ಬೀಸಣಿಗೆಗೆ 17, ದೀಪಗಳಿಗೆ 3. ಒಟ್ಟು 40: ಹೊಸ ಬ್ಯಾಟರಿಗೆ ಸರಿ, ಮುದಿ ಬ್ಯಾಟರಿಗೆ ಅನುಮಾನ. ನಡುರಾತ್ರಿಯ ಬಳಿಕ ಬೀಸಣಿಗೆ ನಿಲ್ಲಿಸುವುದೆಂದು ತೀರ್ಮಾನವಾಯಿತು. 500 ವಾಟಿನ ಮಿಕ್ಸಿಗೆ ಗಾಡಿಯಲ್ಲಿ ನಿಷೇಧ ಬಿದ್ದಿತು. 12 ವೋಲ್ಟಿನಲ್ಲಿ ಅದು 40ಕ್ಕೂ ಮಿಕ್ಕಿ ಆಂಪಿಯರ್ ಎಳೆಯುತ್ತದೆ. ವೋಲ್ಟೇಜು ತಗ್ಗಿದಷ್ಟೂ ಪ್ರವಾಹ ಹೆಚ್ಚು, ತಂತಿಯೂ ದಪ್ಪ. ಇದೇ ಸೀಮೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಸುಮಾರು 147 ಕಿಲೋಮೀಟರು ಸಾಗಿದ್ದೂ ವೋಲ್ಟೇಜನ್ನು ಏರಿಸಿದ್ದರಿಂದಲೇ.

ಆ ರಾತ್ರಿ ಸೀಸೆಗಳು ಮತ್ತೆ ರೆಫ್ರಿಜರೇಟರಿಗೆ ಸೇರಿದವು. ಯಜಮಾನರು ಎರಡು ಬಾರಿ ಎದ್ದು ಮೀಟರು ನೋಡಿದರು. ಮುಂಜಾನೆ 12.3 ವೋಲ್ಟ್, ರೆಫ್ರಿಜರೇಟರಿನೊಳಗೆ 5 ಡಿಗ್ರಿ. ಎಂಜಿನ್ ಮೊದಲ ತಿರುವಿಗೇ ಗುಡುಗಿತು. ದೋಸೆಯ ಚಟ್ನಿಗೆ ತೋಟದ ಮನೆಯ ಒರಳುಕಲ್ಲು ಒದಗಿತು. ಎಂಟು ಗಂಟೆಯ ಹೊತ್ತಿಗೆ ಗಾಡಿ ಯಳಂದೂರಿನ ದಾರಿ ಹಿಡಿದಿತ್ತು. ಮಡಕೆಯನ್ನೂ ಜೊತೆಗೆ ಕೊಂಡೊಯ್ದರು.