ಎತ್ತರದ ಹಲಗೆ, ಓಬವ್ವನ ಕಿಂಡಿ

ನಮ್ಮ ಚಿತ್ರದುರ್ಗದ ಕಡೆ ಅಕ್ಕನಿಗೂ ತಮ್ಮನಿಗೂ ಹನ್ನೆರಡು ವರ್ಷ ಅಂತರವಿರುವ ಮನೆಗಳು ಹಿಂದೆ ಬೇಕಾದಷ್ಟಿದ್ದವು. ಆದರೆ ನಡುವೆ ಇನ್ನೂ ನಾಲ್ಕಾರು ಮಕ್ಕಳು ಮೆಟ್ಟಿಲ ಹಾಗೆ ನಿಂತಿರುತ್ತಿದ್ದುದರಿಂದ ಆ ದೂರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇರುವವರೇ ಇಬ್ಬರು. ಮಗಳಿಗೆ ಹದಿನೇಳು, ಮಗನಿಗೆ ಐದು. ಅವಳು ಸಿಇಟಿ ಬರೆದು ಮುಗಿಸುತ್ತಾಳೆ, ಇವನು ಯುಕೆಜಿ ಮುಗಿಸುತ್ತಾನೆ. ಜೂನ್ ಕಳೆದರೆ ಅವಳು ಯಾವ ಊರಿನ ಹಾಸ್ಟೆಲ್ಲಿನಲ್ಲಿರುತ್ತಾಳೋ. ಇಬ್ಬರೂ ಒಟ್ಟಿಗೆ ಮನೆಯಲ್ಲಿರುವ ಬೇಸಿಗೆ ಇದೊಂದೇ ಉಳಿದಿದೆ ಎಂದು ಅನ್ನಿಸಿದ್ದರಿಂದಲೇ ಈ ಪ್ರವಾಸದ ಲೆಕ್ಕಾಚಾರವನ್ನು ಇಷ್ಟು ಆಸೆಯಿಂದ ಹಿಡಿದು ಕೂತಿದ್ದೇನೆ.

ಇಬ್ಬರೂ ಕೇಳುವುದು ಬಿಡದಿಯ ವಂಡರ್‌ಲಾವನ್ನೇ. 2005ರಲ್ಲಿ ಶುರುವಾದ ಆಟದ ಪಾರ್ಕು ಅದು. ನಮ್ಮ ಜಿಲ್ಲೆಯ ಶಾಲೆಗಳವರೂ ಬಸ್ಸು ಮಾಡಿಕೊಂಡು ಹೋಗಿಬರುತ್ತಾರೆ. ಮಗಳಿಗೆ ಬೇಕಾದದ್ದು ತಲೆಕೆಳಗಾಗಿ, ಬೆನ್ನು ಮುಂದಾಗಿ ಓಡುವ ರಿಕಾಯಿಲ್. ಮಗನಿಗೆ ನೀರು, ಬರೀ ನೀರು. ಅಲ್ಲಿ ವಯಸ್ಸನ್ನು ಯಾರೂ ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಜೋರಿನ ಆಟಗಳ ಬಾಗಿಲಲ್ಲಿ ಗೆರೆ ಹಾಕಿದ ಹಲಗೆ ನಿಲ್ಲಿಸಿರುತ್ತಾರೆ, 140 ಸೆಂಟಿಮೀಟರ್ ಮುಟ್ಟದವರನ್ನು ಒಳಗೆ ಬಿಡುವುದಿಲ್ಲ. ಅದು ಸರಿಯೇ. ಹೆಗಲ ಮೇಲಿಂದ ಬಂದು ಕೂರುವ ಪಟ್ಟಿ ದೊಡ್ಡ ಮೈಯ ಅಳತೆಯದು, ಚಿಕ್ಕ ಮೈ ಅದರಡಿಯಿಂದ ಜಾರಿಬಿಡಬಹುದು. ನಮ್ಮ ಹುಡುಗನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಅಳೆದರೆ ನೂರಾ ಆರು.

"ಅಮ್ಮ, ಇವನು ಬಂದ್ರೆ ನಾನು ಇವನ ಕೈ ಹಿಡ್ಕೊಂಡು ನಿಂತ್ಕೋಬೇಕು ಅಷ್ಟೇ" ಎಂದಳು ಮಗಳು. ಸಿಟ್ಟಿನಿಂದಲ್ಲ, ತನಗೆ ಗೊತ್ತಿರುವ ಸಂಗತಿ ಹೇಳಿದ ಹಾಗೆ. ಆ ಮಾತು ನನಗೆ ನಾಟಿತು. ದೊಡ್ಡ ಮಗಳೆಂದರೆ ಅರ್ಧ ತಾಯಿ ಎಂದು ಹೊಗಳುತ್ತಲೇ ನಾವು ಅವರ ರಜೆಯನ್ನೆಲ್ಲ ತೆಗೆದುಕೊಂಡುಬಿಡುತ್ತೇವೆ. ಹಾಗಾಗಿ ಈ ಪ್ರವಾಸಕ್ಕೆ ನಾನು ಹಾಕಿದ ಮೊದಲ ಕಟ್ಟಳೆ ಇದು: ಬೆಳಗಿನ ಹೊತ್ತು ಪೂರ್ತಿ ಅವಳದು. ಅವರಪ್ಪನ ಜೊತೆ ಎಷ್ಟು ಸಲ ಬೇಕಾದರೂ ತಲೆಕೆಳಗಾಗಲಿ. ನಾನು ಚಿಕ್ಕವನನ್ನು ಮಕ್ಕಳ ಆಟಗಳ ಕಡೆ ಕರೆದೊಯ್ಯುತ್ತೇನೆ. ಊಟದ ಮೇಲೆ ನಾಲ್ವರೂ ಅಲೆಯ ಕೊಳದಲ್ಲಿ. ಅಲ್ಲಿ ಅವಳಿಗೆ ಎದೆಮಟ್ಟದ ನೀರೂ ಇದೆ, ಅವನಿಗೆ ಮೊಣಕಾಲಿನದೂ ಇದೆ, ಅಲೆ ಇಬ್ಬರಿಗೂ ಒಂದೇ.

ಆದರೂ ಆ ಹಲಗೆ ಮನಸ್ಸಿನಿಂದ ಹೋಗಲೊಲ್ಲದು. ಅಳತೆಯಲ್ಲಿ ಚಿಕ್ಕವನೇ ಗೆಲ್ಲುವ ಜಾಗ ಎಲ್ಲೂ ಇಲ್ಲವೇ ಎಂದು ಯೋಚಿಸುತ್ತಿದ್ದಾಗ ಹೊಳೆದದ್ದು ನಮ್ಮದೇ ಕೋಟೆ. ಬಿಡದಿಗೆ ಹೋಗುವ ಮುಂಚೆ ಒಂದು ಬೆಳಗು ಕೋಟೆಗೆ ಎಂದು ಗೊತ್ತುಮಾಡಿದ್ದೇನೆ. ದುರ್ಗದವರು ನಾವು ನೆಂಟರು ಬಂದಾಗ ಮಾತ್ರ ಮೇಲೆ ಹತ್ತುವುದು. ನಮಗಾಗಿ ಹತ್ತುವುದೇ ಅಪರೂಪ.

ಓಬವ್ವನ ಕಿಂಡಿಯಲ್ಲಿ ನೋಡಬೇಕು. ಬಂಡೆಗಳ ಸಂದಿಯಲ್ಲಿ ದೊಡ್ಡವರು ತಲೆ ಬಗ್ಗಿಸಿ, ಮೈ ಹಿಡಿಮಾಡಿಕೊಂಡು ನುಸುಳಬೇಕು. ಐದು ವರ್ಷದವನು ನೆಟ್ಟಗೆ ಓಡಿಹೋಗುತ್ತಾನೆ. ಹೈದರಾಲಿಯ ಸಿಪಾಯಿಗಳು ಒಬ್ಬೊಬ್ಬರಾಗಿಯೇ ಬರಬೇಕಾದದ್ದು ಈ ಇಕ್ಕಟ್ಟಿನಿಂದಲೇ ಎಂಬುದನ್ನು ಅಕ್ಕ ಅಲ್ಲೇ ಬಗ್ಗಿ ನಿಂತು ಹೇಳಿದರೆ ಅವನಿಗೆ ಒನಕೆಯಿಂದ ಅವರನ್ನು ಹೊಡೆದ ಓಬವ್ವನ ಕಥೆ ಮೈಯಿಂದಲೇ ಅರ್ಥವಾಗುತ್ತದೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನದೆಂದು ಇಟ್ಟಿರುವ ಹಲ್ಲನ್ನು ತೋರಿಸುವ ಕೆಲಸವೂ ಅವಳದೇ. ಹಲ್ಲು ಅಲ್ಲಾಡಲು ಶುರುವಾಗುವ ವಯಸ್ಸಿನವನಿಗೆ ಅಷ್ಟು ದೊಡ್ಡ ಹಲ್ಲು ಸಣ್ಣ ಸಂಗತಿಯಲ್ಲ. ಅವಳ ಪಾಲಿನ ಸಾಹಸಕ್ಕೆ ತುಪ್ಪದಕೊಳದ ಬಂಡೆಯಿದೆ. ಕಲ್ಲಿನಲ್ಲಿ ಕೊರೆದ ಕಚ್ಚುಗಳಿಗೆ ಕಾಲಿಟ್ಟು ಹತ್ತುವುದು. ಅಲ್ಲಿ ನಾನೂ ಅವನೂ ಕೆಳಗೆ.

ಅಲ್ಲಿಂದ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಇಷ್ಟು ಕಡಿಮೆ ಮಳೆಯ ಊರಿನಲ್ಲಿ ಪಾಳೆಯಗಾರರು ಒಂದು ಹನಿಯನ್ನೂ ವ್ಯರ್ಥ ಬಿಟ್ಟಿಲ್ಲ. ಇದನ್ನು ನೋಡಿದರೆ ನನಗೆ ಪ್ರತಿ ಸಲವೂ ಹೆಮ್ಮೆಯಾಗುತ್ತದೆ. ಅಕ್ಕ-ತಮ್ಮನ ಹೊಂಡ ಯಾಕಿಲ್ಲ ಎಂದು ನಮ್ಮವನು ಕೇಳಿಯೇ ಕೇಳುತ್ತಾನೆ.

ಹೊಳಲ್ಕೆರೆಯ ಬಯಲು ಗಣಪನಿಗೂ, ಹೊಸದುರ್ಗದ ಗುಡ್ಡದ ಗಾಳಿಯಂತ್ರಗಳಿಗೂ ಈ ಸಲ ಬಿಡುವಿಲ್ಲ. ಚಿಕ್ಕ ಕಾಲುಗಳಿಗೆ ಒಂದು ದಿನಕ್ಕೆ ಒಂದೇ ದೊಡ್ಡ ಜಾಗ. ಎರಡನೇ ಜಾಗ ಸೇರಿಸಿದ ದಿನ ಅಳು ಗ್ಯಾರಂಟಿ.

ಹಿರಿಯೂರಿನಲ್ಲಿ ಮಾತ್ರ ನಿಲ್ಲಲೇಬೇಕು, ಅಜ್ಜಿ ಮನೆ. ಸಂಜೆ ಮಾರಿಕಣಿವೆ ಅಣೆಕಟ್ಟಿಗೆ. 1907ರಲ್ಲಿ ಕಟ್ಟಿ ಮುಗಿದ ಆ ವಾಣಿವಿಲಾಸ ಸಾಗರ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಆಗ ಜನಜಾತ್ರೆಯ ನಡುವೆ ಕೋಡಿ ನೋಡಿದವಳು ಮಗಳು, ತಮ್ಮನಿನ್ನೂ ನನ್ನ ಕಂಕುಳಲ್ಲಿದ್ದ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿದಾಗ ಅವನಿಗೂ ನೋಡಿದ ನೆನಪಿದೆ. ಇಬ್ಬರೂ ಕಂಡ ನೀರು ಎಂದರೆ ಅದೇ. "ನಾನು ನೋಡಿದ್ದೇ ಜಾಸ್ತಿ ನೀರು" ಎಂದು ಇಬ್ಬರೂ ಇನ್ನೂ ವಾದಿಸುತ್ತಾರೆ. ಆ ಜಗಳದಲ್ಲಿ ಮಾತ್ರ ಅವರ ನಡುವಿನ ಹನ್ನೆರಡು ವರ್ಷ ಕಾಣುವುದೇ ಇಲ್ಲ, ನನಗೆ ಅದನ್ನು ಕೇಳುವುದೇ ಖುಷಿ.

ಅಜ್ಜಿ ಮನೆಯಿಂದ ಬೆಳಗಿನ ಜಾವ ಹೊರಡುವುದು. ಶಿರಾ, ತುಮಕೂರು ದಾಟಿ ಬೆಂಗಳೂರಿನೊಳಗೆ ಹೋಗದೆ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ. ಚಿಕ್ಕವನು ತುಮಕೂರಿನವರೆಗೂ ಮಲಗಿರುತ್ತಾನೆ. ಶನಿವಾರ ಭಾನುವಾರ ಬೇಡ, ನಡುವಾರದ ದಿನವೇ ಆಗಬೇಕು, ಸರತಿ ಸಾಲು ಚಿಕ್ಕದಿದ್ದರೆ ಮಗಳಿಗೆ ಆಟ ಹೆಚ್ಚು ಸಿಗುತ್ತದೆ. ನೀರಿಗಿಳಿಯಲು ಇಬ್ಬರಿಗೂ ನೈಲಾನ್ ಬಟ್ಟೆ ಬೇಕು, ಹತ್ತಿಯದು ನಡೆಯುವುದಿಲ್ಲ. ಅದನ್ನು ಕೊಳ್ಳಲು ಅಕ್ಕನೇ ತಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದಾಳೆ. ನಾನು ಕಳಿಸಿದ್ದಲ್ಲ.