ಹಳ್ಳಿಗರು ಕೊಂಡ ಪಾನಗೃಹ

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾಲ್ಕು ದಿನ ಅತಿಥಿಯಾಗಿದ್ದಾಗ ನನ್ನ ಆತಿಥೇಯರು, "ಸಂಜೆ ಪಬ್ಬಿಗೆ ಹೋಗೋಣ" ಎಂದರು. ಎಪ್ಪತ್ತೆಂಟು ವರ್ಷದ ನಿವೃತ್ತ ಉಪಾಧ್ಯಾಯರು; ಸೌಮ್ಯ ಸ್ವಭಾವದ ಗೃಹಸ್ಥರು. ಅಂಥವರ ಬಾಯಿಂದ ಈ ಮಾತು ಬಂದಾಗ ನನಗೆ ಕೊಂಚ ಮುಜುಗರವಾಯಿತೆಂದು ಒಪ್ಪಿಕೊಳ್ಳಬೇಕು. ಪಾನಗೃಹವೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ: ಊರಾಚೆಯ ಮಬ್ಬು ಬೆಳಕು, ತಲೆ ತಗ್ಗಿಸಿ ಒಳಹೊಕ್ಕು ತೂರಾಡುತ್ತ ಹೊರಬರುವ ಜನ, ಮನೆಯಲ್ಲಿ ಕಣ್ಣೀರಿಡುವ ಹೆಂಡತಿ. ನನ್ನ ಮುಖವನ್ನು ಗಮನಿಸಿದ ಅವರು ನಕ್ಕು, "ಕುಡಿಯಲೇಬೇಕೆಂಬ ಬಲವಂತವಿಲ್ಲ, ಬಂದು ಕುಳಿತರೆ ಸಾಕು" ಎಂದರು.

ಕೆಲವು ವರ್ಷಗಳ ಹಿಂದಿನ ಮಾತಿದು. ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾದಲ್ಲಿ, ಪ್ರಸಿದ್ಧವಾದ ಸರೋವರ ಸೀಮೆಯ ಉತ್ತರದ ಅಂಚಿನಲ್ಲಿ ನಾವಿದ್ದೆವು. ಪಬ್ಬಿಗೆ ಎರಡು ಮೈಲಿ ನಡೆಯಬೇಕೆಂದು ತಿಳಿದು, "ನಿಮ್ಮ ಊರಿನಲ್ಲೇ ಇಲ್ಲವೇ?" ಎಂದು ಕೇಳಿದೆ. ಅವರು ಊರಂಚಿನ ಒಂದು ಮನೆಯತ್ತ ಕೋಲು ತೋರಿಸಿದರು. ಬಾಗಿಲಿನ ಮೇಲೆ ಬರಿಯ ಕಬ್ಬಿಣದ ಕೊಕ್ಕೆ. ಅದರಲ್ಲಿ ತೂಗುತ್ತಿದ್ದ ಹಲಗೆ ಇಲ್ಲ. "ಇತ್ತು" ಎಂದಷ್ಟೇ ಹೇಳಿ ಮುಂದೆ ನಡೆದರು.

ನಾವು ತಲುಪಿದ ಹಳ್ಳಿ ಹೆಸ್ಕೆಟ್ ನ್ಯೂಮಾರ್ಕೆಟ್. ಊರ ನಡುವೆ ಹಸುರು ಹಾಸಿದ ಬಯಲು, ಅದರ ಅಂಚಿಗೆ ಕಲ್ಲಿನ ಮನೆಗಳು, ದಕ್ಷಿಣಕ್ಕೆ ಬೋಳುಗುಡ್ಡಗಳ ಸಾಲು. ಆ ಮನೆಗಳ ನಡುವೆಯೇ 'ಓಲ್ಡ್ ಕ್ರೌನ್', ಎಂದರೆ 'ಹಳೆಯ ಕಿರೀಟ'. ಒಳಗೆ ಕಾಲಿಟ್ಟೊಡನೆ ನನ್ನ ಕಲ್ಪನೆ ತಲೆಕೆಳಗಾಯಿತು. ಗಂಡಹೆಂಡಿರು ಜೊತೆಗೂಡಿ ಬಂದಿದ್ದರು. ಒಬ್ಬಾಕೆ ಹೆಣಿಗೆ ಹಾಕುತ್ತಿದ್ದಳು. ಒಂದು ನಾಯಿ ಮೇಜಿನಡಿ ನಿದ್ರಿಸುತ್ತಿತ್ತು. ಕುರಿಗಳ ಬೆಲೆ, ಮಳೆ, ಯಾರದೋ ಮಂಡಿನೋವು: ನಮ್ಮ ಅರಳಿಕಟ್ಟೆಯ ಮಾತುಗಳೇ! ಪಬ್ ಎಂಬುದು 'ಸಾರ್ವಜನಿಕರ ಮನೆ' ಎಂಬರ್ಥದ ಇಂಗ್ಲಿಷ್ ಮಾತಿನ ಮೊಟಕು ರೂಪ. ಹೆಸರು ಅನ್ವರ್ಥವೆಂದು ಆಗ ತಿಳಿಯಿತು.

ನನ್ನ ಸ್ನೇಹಿತರನ್ನು ಕಂಡು ಕಟ್ಟೆಯ ಹಿಂದಿದ್ದಾತ, "ಎಂದಿನದೇ?" ಎಂದ. ಅವರು ತಲೆಯಾಡಿಸಿದರು. ಬಾಯಿಬಿಟ್ಟು ಹೇಳದೆಯೇ ನಮ್ಮ ಹೋಟೆಲಿನ ಮಾಣಿ ಸಕ್ಕರೆ ಕಡಿಮೆಯ ಕಾಫಿ ತಂದಿಡುವುದಿಲ್ಲವೇ? ಅದೇ ಸಲಿಗೆ, ಅದೇ ಗೌರವ. ಆತ ಉದ್ದನೆಯ ಹಿಡಿಯೊಂದನ್ನು ನಿಧಾನವಾಗಿ ಜಗ್ಗಿದ. ನೆಲಮಾಳಿಗೆಯ ಪೀಪಾಯಿಯಿಂದ ಕಂದುಬಣ್ಣದ ಬಿಯರು ಏರಿ ಬಂದು, 568 ಮಿಲಿಲೀಟರಿನ ಪೈಂಟ್ ಲೋಟವನ್ನು ತುಂಬಿತು. ನಾನೂ ಒಂದು ಗುಟುಕು ರುಚಿ ನೋಡಿದೆ. ಅದರ ಕಹಿ ನಮ್ಮ ಅಜ್ಜಿಯ ಕಷಾಯಕ್ಕೆ ನೆಂಟನೇ ಸರಿ. ಅದೂ ಕೊರೆಯುವಷ್ಟು ತಣ್ಣಗಿರಲಿಲ್ಲ.

"ಇದಕ್ಕೆ ಜೀವವಿದೆ" ಎಂದರು ಸ್ನೇಹಿತರು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಅದರ ಸಾರಕ್ಕೆ ಹಾಪ್ ಹೂ ಸೇರಿಸಿ ಕುದಿಸಿ, ಆರಿದ ಮೇಲೆ ಹುದುಗು ಬಿಡುತ್ತಾರೆ. ಸಾಮಾನ್ಯ ಬಿಯರನ್ನು ಆಮೇಲೆ ಸೋಸಿ, ಹುದುಗನ್ನು ತೆಗೆದುಬಿಡುವರು. 'ರಿಯಲ್ ಏಲ್' ಎಂಬ ಇದರಲ್ಲಿ ಮಾತ್ರ ಹುದುಗು ಪೀಪಾಯಿಯೊಳಗೂ ಬದುಕಿದ್ದು ಕೆಲಸ ಮಾಡುತ್ತಿರುತ್ತದೆ. ನಮ್ಮ ದೋಸೆಹಿಟ್ಟು ರಾತ್ರಿಯೆಲ್ಲ ಉಕ್ಕುವಂತೆಯೇ! ಅದನ್ನು ಸುಮಾರು 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಜೋಪಾನ ಮಾಡಬೇಕು. ಪೀಪಾಯಿ ತೆರೆದ ಮೇಲೆ ಗಾಳಿ ಸೋಕುವುದರಿಂದ ಮೂರು ನಾಲ್ಕು ದಿನಗಳಲ್ಲಿ ಮುಗಿಯಬೇಕು, ಇಲ್ಲವಾದರೆ ಹುಳಿಯುತ್ತದೆ.

ಈ ತೊಂದರೆಯೇ ಬೇಡವೆಂದು 1960ರ ದಶಕದಲ್ಲಿ ದೊಡ್ಡ ಕಂಪನಿಗಳು, ಸೋಸಿ ಕಾಯಿಸಿ ಇಂಗಾಲಾಮ್ಲ ತುಂಬಿದ ಬಿಯರನ್ನು ದೇಶವೆಲ್ಲ ಹರಡಿದವು. ಅದು ವಾರಗಟ್ಟಲೆ ಕೆಡದು. ಇದನ್ನು ಒಪ್ಪದ ನಾಲ್ವರು ಗೆಳೆಯರು 1971ರಲ್ಲಿ ಹೂಡಿದ ಚಳವಳಿಯೇ ಮುಂದೆ 'ಕ್ಯಾಂಪೇನ್ ಫಾರ್ ರಿಯಲ್ ಏಲ್' ಎಂಬ ದೊಡ್ಡ ಸಂಘವಾಗಿ, ಹಳೆಯ ಬಿಯರನ್ನು ಉಳಿಸಿತು.

ಬಿಯರು ಉಳಿಯಿತು, ಆದರೆ ಪಬ್ಬುಗಳು? ಸಾವಿರಾರು ಪಬ್ಬುಗಳು ಮುಚ್ಚಿಹೋದವು. ತೆರಿಗೆ, ಅಂಗಡಿಯಲ್ಲಿ ಸಿಗುವ ಅಗ್ಗದ ಬಾಟಲಿ, ಪಬ್ಬನ್ನು ಮನೆಯಾಗಿಸಿ ಮಾರಿದರೆ ಬರುವ ಹೆಚ್ಚಿನ ಲಾಭ, ಹೀಗೆ ಕಾರಣಗಳು ಹಲವು. "ನಮ್ಮೂರಿನದನ್ನು ಮುಚ್ಚಿಸಿದವರಲ್ಲಿ ನಾನೂ ಒಬ್ಬ" ಎಂದು ಸ್ನೇಹಿತರು ಮೆಲ್ಲನೆ ನುಡಿದರು. "ನಲವತ್ತು ವರ್ಷ ಅಲ್ಲಿ ಕುಳಿತವನು ನಾನು. ಹೆಂಡತಿ ಕಾಯಿಲೆ ಬಿದ್ದ ಚಳಿಗಾಲದಲ್ಲಿ ಹೋಗುವುದನ್ನು ಬಿಟ್ಟೆ. ಆಕೆ ತೀರಿಕೊಂಡ ಮೇಲೂ ಹೋಗಲಿಲ್ಲ. ಬಾಟಲಿ ತಂದು ಒಬ್ಬನೇ ಕುಡಿಯುವುದು ರೂಢಿಯಾಯಿತು. ಉಳಿದವರಿಗೂ ಅವರವರ ಕಾರಣಗಳಿದ್ದವು. ಗಿರಾಕಿಗಳಿಲ್ಲದೆ ಪೀಪಾಯಿ ಹುಳಿಯಿತು, ಹುಳಿಯೆಂದು ಇನ್ನಷ್ಟು ಜನ ಬಿಟ್ಟರು. ಒಂದು ದಿನ ಹಲಗೆಯನ್ನು ಇಳಿಸಿದರು. ಅಂದು ಸಂಜೆ ಯಾರೊಡನೆ ಮಾತಾಡಲಿ ಎಂದು ಹೊಳೆಯದೆ ಬೀದಿಯಲ್ಲಿ ನಿಂತಿದ್ದೆ."

ಹೆಸ್ಕೆಟ್ ನ್ಯೂಮಾರ್ಕೆಟ್‌ನವರು ಎಚ್ಚರ ತಪ್ಪಲಿಲ್ಲ. ಪಬ್ಬಿನ ಹಿಂದಿನ ಕೊಟ್ಟಿಗೆಯಲ್ಲಿ 1988ರಲ್ಲಿ ಆರಂಭವಾಗಿದ್ದ ಪುಟ್ಟ ಬಿಯರು ತಯಾರಿಕೆಯನ್ನು 1999ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಕೊಂಡರು. 2003ರಲ್ಲಿ ಸುಮಾರು 125 ಜನ ಹಣ ಕೂಡಿಸಿ ಪಬ್ಬನ್ನೂ ಕೊಂಡರು. ಬ್ರಿಟನ್ನಿನ ಮೊದಲ ಸಹಕಾರಿ ಪಬ್ಬೆಂದು ಅದು ಹೆಸರಾಯಿತು. ಗದಗ ಸೀಮೆಯ ಕಣಗಿನಹಾಳದ ರೈತರು 1905ರಲ್ಲೇ ಸಹಕಾರ ಸಂಘ ಕಟ್ಟಿದ ಕಥೆಯನ್ನು ನಾನು ಹೇಳಿದಾಗ ಸ್ನೇಹಿತರು, "ಹಾಗಾದರೆ ನಿಮಗೆ ಇದನ್ನು ವಿವರಿಸಬೇಕಿಲ್ಲ" ಎಂದು ಲೋಟ ಎತ್ತಿದರು.

ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದರಿಂದ ಹಾಳಾದ ಸಂಸಾರಗಳು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಆದರೆ ಆ ಸಂಜೆ ಅವರು ಕುಡಿದದ್ದು ಒಂದೇ ಪೈಂಟು. ಆಡಿದ ಮಾತು ಎರಡು ತಾಸಿನದು. ಕರೆಯದೆಯೇ ಹೋಗಿ ಕೂರಬಹುದಾದ ಒಂದು ಮೂಲೆ ಮುದಿತನದಲ್ಲಿ ಎಷ್ಟು ಬೆಲೆಯುಳ್ಳದ್ದೆಂಬುದನ್ನು ನಾನು ಅಲ್ಲಿ ಕಂಡೆ.

ಹಿಂದಿರುಗುವಾಗ ಕತ್ತಲಾಗಿತ್ತು, ತುಂತುರು ಮಳೆ. ಅವರ ಮಂಡಿನೋವನ್ನು ನೆನೆದು, "ನಾಳೆ ಮನೆಯಲ್ಲೇ ಇರೋಣ" ಎಂದೆ. ಬರಿಯ ಕೊಕ್ಕೆಯಿದ್ದ ಆ ಬಾಗಿಲನ್ನು ದಾಟುತ್ತ ಅವರೆಂದರು: "ಆಗದು. ಇವತ್ತು ಹೊಸ ಪೀಪಾಯಿ ತೆರೆದಿದ್ದಾರೆ. ನಾವು ಹೋಗದಿದ್ದರೆ ಅದು ಕೆಡುತ್ತದೆ."